ಮಟ್ಟ ಅಷ್ಟೇ ಇದೆ, ಹರಿವು ಯಾಕೆ ಕಡಿಮೆಯಾಯ್ತು?

ಪ್ರಶ್ನೆ: ಬೆಟ್ಟದಿಂದ ಇಳಿಯುವ ನದಿಯೊಂದರ ಮೇಲೆ ಎರಡು ಮಾಪನ ಕೇಂದ್ರಗಳಿವೆ. ಎರಡರ ನಡುವೆ ಸುಮಾರು 18 ಕಿಲೋಮೀಟರ್ ದೂರ. ಎರಡರ ಅಂಕಿಗಳನ್ನೂ ಆನ್‌ಲೈನ್‌ನಲ್ಲಿ ನೋಡುತ್ತಿರುತ್ತೇನೆ. ಹೋದ ವರ್ಷ ಮೇಲಿನ ಕೇಂದ್ರದಲ್ಲಿ ಮಟ್ಟ 1.4 ಮೀಟರ್ ಇದ್ದಾಗ ಹರಿವು 22 ಕ್ಯುಮೆಕ್ ಎಂದು ತೋರಿಸುತ್ತಿತ್ತು. ಈ ವರ್ಷ ಅದೇ 1.4ಕ್ಕೆ 15 ಎನ್ನುತ್ತಿದೆ. ಯಂತ್ರ ಕೆಟ್ಟಿದೆಯಾ? ಇನ್ನೊಂದು, ನಡುವೆ ಎರಡು ಹಳ್ಳ ಬಂದು ಸೇರಿದರೂ ಕೆಳಗಿನ ಕೇಂದ್ರದ ಮಟ್ಟ ಮೇಲಿನದಕ್ಕಿಂತ ಕಡಿಮೆ ಇರುತ್ತದೆ. ಇದು ಹೇಗೆ? ಆ ಹಳ್ಳಗಳಲ್ಲಿ ಒಂದರ ನೀರನ್ನು ನಾವೇ ಅಳೆಯಬಹುದಾ?

ಉತ್ತರ: ಯಂತ್ರ ಸರಿಯಾಗಿಯೇ ಇರಬೇಕು. ಬದಲಾಗಿರುವುದು ನದಿ. ನೀವು ಕೊಟ್ಟ ಎರಡು ಅಂಕಿಗಳನ್ನು ನೋಡಿದರೆ, ಆ ಕೇಂದ್ರವನ್ನು ನಡೆಸುವವರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಾರೆ ಅನಿಸುತ್ತದೆ. ಅವರು ಸುಮ್ಮನೆ ಕೂತಿದ್ದರೆ ಈ ವರ್ಷವೂ 1.4ಕ್ಕೆ 22 ಅಂತಲೇ ತೋರಿಸುತ್ತಿತ್ತು. ಆ ಲೆಕ್ಕ ತಪ್ಪಾಗಿರುತ್ತಿತ್ತು.

ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನದಿಯಲ್ಲಿ ಕೂರಿಸಿರುವ ಸೆನ್ಸರ್ ಹರಿವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ನೀರಿನ ಮಟ್ಟವನ್ನು ಮಾತ್ರ. ಪರದೆಯ ಮೇಲೆ ಕಾಣುವ ಕ್ಯುಮೆಕ್ ಅಂಕಿ ಆ ಮಟ್ಟದಿಂದ ಲೆಕ್ಕ ಹಾಕಿ ತೆಗೆದದ್ದು. (ಒಂದು ಕ್ಯುಮೆಕ್ ಅಂದರೆ ಸೆಕೆಂಡಿಗೆ ಒಂದು ಘನ ಮೀಟರ್, ಸುಮಾರು 35.3 ಕ್ಯೂಸೆಕ್.) ಯಾರೋ ಒಬ್ಬರು ಬೇರೆ ಬೇರೆ ದಿನ, ನೀರು ಕಡಿಮೆ ಇದ್ದಾಗ, ಜಾಸ್ತಿ ಇದ್ದಾಗ, ಆ ಜಾಗಕ್ಕೆ ಹೋಗಿ ಹರಿವನ್ನು ಕೈಯಾರೆ ಅಳೆದಿರುತ್ತಾರೆ. ಪ್ರತಿ ಸಲವೂ ಆ ಹೊತ್ತಿನ ಮಟ್ಟವನ್ನು ಬರೆದುಕೊಂಡಿರುತ್ತಾರೆ. ಈ ಜೋಡಿಗಳನ್ನು ಗ್ರಾಫಿನಲ್ಲಿ ಗುರುತಿಸಿ, ನಡುವೆ ಒಂದು ಗೆರೆ ಎಳೆಯುತ್ತಾರೆ. ಅದೇ ರೇಟಿಂಗ್ ಕರ್ವ್. ಕಂಪ್ಯೂಟರ್ ಮಾಡುವುದು ಇಷ್ಟೇ: ಮಟ್ಟ ಬಂತು, ಕರ್ವ್ ನೋಡಿತು, ಹರಿವು ಹೇಳಿತು.

ಈ ಪದ್ಧತಿ ಹಳೆಯದು. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ತನ್ನ ಮೊದಲ ನದಿ ಮಾಪನ ಕೇಂದ್ರವನ್ನು ನ್ಯೂ ಮೆಕ್ಸಿಕೋದ ಎಂಬುಡೋದಲ್ಲಿ, ರಿಯೋ ಗ್ರಾಂಡೆ ನದಿಯ ದಡದಲ್ಲಿ ಶುರು ಮಾಡಿದ್ದು 1889ರಲ್ಲಿ. ಅದೇ ವರ್ಷ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ ತನ್ನ ಹರಿವಿನ ಸೂತ್ರವನ್ನು ಮಂಡಿಸಿದ. ಸೆನ್ಸರ್, ಉಪಗ್ರಹ, ಮೊಬೈಲ್ ಎಲ್ಲ ಆಮೇಲೆ ಬಂದವು. ಆದರೂ ನದಿಗೆ ಹೋಗಿ ಅಳೆದು ಕರ್ವ್ ಎಳೆಯುವ ಕೆಲಸ ತಪ್ಪಿಲ್ಲ.

ಈಗ ನಿಮ್ಮ 1.4ರ ವಿಷಯಕ್ಕೆ ಬರೋಣ. ಗೇಜ್ (ಮಟ್ಟ ಅಳೆಯುವ ಸಾಧನ) ಇರುವ ಮಡುವಿನಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಆ ಮಡು ಅಲ್ಲ. ಅದರ ಸ್ವಲ್ಪ ಕೆಳಗೆ ನೀರು ದಾಟಿ ಇಳಿಯುವ ಜಾಗ. ಅಲ್ಲಿ ಅಡ್ಡಲಾಗಿ ಒಂದು ಬಂಡೆಯ ಸಾಲು ಇರಬಹುದು, ಇಲ್ಲವೇ ಕಲ್ಲು ಜಲ್ಲಿಯ ದಿಬ್ಬ ಇರಬಹುದು. ಈ ಕ್ಷೇತ್ರದವರು ಅದನ್ನು ಕಂಟ್ರೋಲ್ ಅನ್ನುತ್ತಾರೆ. ಬಾಗಿಲ ಹೊಸ್ತಿಲಿನ ಹಾಗೆ ಅದು. ಹೊಸ್ತಿಲು ಎತ್ತರವಾದರೆ ಒಳಗಿನ ನೀರೂ ಎತ್ತರ ನಿಲ್ಲುತ್ತದೆ, ಹರಿದು ಹೋಗುವ ನೀರು ಜಾಸ್ತಿ ಆಗಿರಬೇಕೆಂದೇನಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಗೇಜಿನ ಮಟ್ಟದಲ್ಲಿ ಹೊಸ್ತಿಲಿನ ಎತ್ತರವನ್ನು ಕಳೆಯಿರಿ. ಉಳಿದದ್ದನ್ನು ವರ್ಗ ಮಾಡಿ. ಆ ಜಾಗಕ್ಕೆ ಹೊಂದುವ ಒಂದು ಸಂಖ್ಯೆಯಿಂದ ಗುಣಿಸಿದರೆ ಹರಿವು ಸಿಗುತ್ತದೆ. (ವರ್ಗವೇ ಆಗಬೇಕೆಂದಿಲ್ಲ, ಘಾತ ಒಂದೊಂದು ಜಾಗದಲ್ಲಿ ಒಂದೊಂದು. ಬೆಟ್ಟದ ನದಿಗಳಲ್ಲಿ 2ರ ಆಸುಪಾಸು ಇರುವುದು ಸಾಮಾನ್ಯ.) ಹೋದ ವರ್ಷ ಹೊಸ್ತಿಲು ಗೇಜಿನ 0.3 ಮೀಟರ್ ಗುರುತಿನ ಎತ್ತರದಲ್ಲಿ ಇತ್ತು ಅಂದುಕೊಳ್ಳಿ. 1.4ರಲ್ಲಿ 0.3 ಕಳೆದರೆ 1.1, ಅದರ ವರ್ಗ 1.21. ಅದನ್ನು 18.2ರಿಂದ ಗುಣಿಸಿದರೆ 22 ಬರುತ್ತದೆ. ಈಗ ಒಂದು ನೆರೆ ಬಂದು ಹೊಸ್ತಿಲ ಮೇಲೆ 20 ಸೆಂಟಿಮೀಟರ್ ಜಲ್ಲಿ ಸುರಿದು ಹೋಯ್ತು. ಹೊಸ್ತಿಲು 0.5ಕ್ಕೆ ಏರಿತು. 1.4ರಲ್ಲಿ 0.5 ಹೋದರೆ 0.9, ಅದರ ವರ್ಗ 0.81. ಹರಿವು 14.7. ನೀವು ನೋಡಿದ 15 ಇದೇ ಅಲ್ವಾ?

ಅಂದರೆ ಒಂದು ಗೇಣಿನಷ್ಟು ಜಲ್ಲಿ ಕೂತರೆ ಸಾಕು, ಹರಿವಿನ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ. ನೀರು ಕಡಿಮೆ ಇದ್ದಾಗ ಇದು ಇನ್ನೂ ಜೋರು. ಮಟ್ಟ 0.6 ಮೀಟರ್ ಇದ್ದಾಗ ಹಳೆಯ ಕರ್ವ್ 1.6 ಕ್ಯುಮೆಕ್ ಎನ್ನುತ್ತದೆ, ಹೊಸದು 0.2ಕ್ಕಿಂತ ಕಡಿಮೆ ಎನ್ನುತ್ತದೆ. ಒಂಬತ್ತು ಪಟ್ಟು ವ್ಯತ್ಯಾಸ! ಅದೇ ದೊಡ್ಡ ನೆರೆ ಬಂದು ಮಟ್ಟ 3 ಮೀಟರ್ ಆದಾಗ ಹಳೆಯದು 133, ಹೊಸದು 114 ಎನ್ನುತ್ತದೆ, ಶೇಕಡ 14ರಷ್ಟು ಮಾತ್ರ ಅಂತರ. ಆ ಎತ್ತರದಲ್ಲಿ ಹೊಸ್ತಿಲೇ ಮುಳುಗಿ ಹೋಗಿ ಇಡೀ ನದಿ ಪಾತ್ರವೇ ಕಂಟ್ರೋಲ್ ಆಗುವುದರಿಂದ ನಿಜದಲ್ಲಿ ಅಂತರ ಇನ್ನೂ ಕಡಿಮೆ ಇರಬಹುದು. ಅದಕ್ಕೇ ನಾನು ಹೇಳುವುದು: ಬೇಸಿಗೆಯ ಹರಿವಿನ ಅಂಕಿಯನ್ನು ಹಿಡಿದು ಕುಡಿಯುವ ನೀರಿನ ಯೋಜನೆಯನ್ನೋ ಸಣ್ಣ ವಿದ್ಯುತ್ ಘಟಕವನ್ನೋ ಲೆಕ್ಕ ಹಾಕುವವರು, ಕೊನೆಯ ಸಲ ಯಾವಾಗ ಕೈಯಾರೆ ಅಳೆದಿದ್ದಾರೆ ಎಂದು ಮೊದಲು ಕೇಳಬೇಕು. ಆ ದಿನಾಂಕದ ನಂತರ ದೊಡ್ಡ ನೆರೆ ಬಂದಿದ್ದರೆ ಅಂಕಿಯನ್ನು ನಂಬುವಂತಿಲ್ಲ.

ಬಯಲು ಸೀಮೆಯ ನದಿಗಳಲ್ಲೂ ಇದು ಆಗುತ್ತದೆ, ಆದರೆ ಬೆಟ್ಟದಲ್ಲಿ ಆಗುವ ವೇಗವೇ ಬೇರೆ. ಇಳಿಜಾರು ಕಡಿದು, ನೀರಿನ ಬಲ ಜಾಸ್ತಿ. ಒಂದು ರಾತ್ರಿಯ ಮಳೆಗೆ ಟನ್‌ಗಟ್ಟಲೆ ಕಲ್ಲು ಉರುಳಿ ಬರುತ್ತದೆ. ದಡದಲ್ಲಿ ನಿಂತರೆ ನೀರಿನ ಅಬ್ಬರದ ಒಳಗಿಂದ ಬಂಡೆಗಳು ಒಂದಕ್ಕೊಂದು ಬಡಿಯುವ ಸದ್ದು ಕೇಳುತ್ತದೆ. ಕೆಲವು ಸಲ ಜಲ್ಲಿ ತುಂಬುತ್ತದೆ, ಕೆಲವು ಸಲ ಇದ್ದ ಜಲ್ಲಿ ಕೊಚ್ಚಿ ಹೋಗಿ ಪಾತ್ರ ಇಳಿಯುತ್ತದೆ. ಆಗ ಉಲ್ಟಾ: ಅದೇ ಮಟ್ಟಕ್ಕೆ ಹರಿವು ಜಾಸ್ತಿ. ಹೊಸ್ತಿಲಿಗೆ ಒಂದು ಮರ ಸಿಕ್ಕಿಕೊಂಡರೂ ಸಾಕು. ಚಳಿ ಪ್ರದೇಶಗಳಲ್ಲಿ ಮಂಜುಗಡ್ಡೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ ಮಟ್ಟ ಏರುತ್ತದೆ, ಹರಿವು ಮಾತ್ರ ಇಳಿಯುತ್ತಿರುತ್ತದೆ. ಕೇಂದ್ರ ನಡೆಸುವವರು ಮತ್ತೆ ಅಳೆದು ಕರ್ವನ್ನು ಸರಿಸುತ್ತಾರೆ. ಆನ್‌ಲೈನ್ ಅಂಕಿಗಳ ಪಕ್ಕ ‘ತಾತ್ಕಾಲಿಕ’ ಎಂದು ಬರೆದಿರುವುದು ಇದಕ್ಕೇ. ಆಮೇಲೆ ತಿದ್ದುವ ಹಕ್ಕನ್ನು ಅವರು ಇಟ್ಟುಕೊಂಡಿರುತ್ತಾರೆ.

ಎರಡನೇ ಪ್ರಶ್ನೆಗೆ ಉತ್ತರ ಚಿಕ್ಕದು. ಗೇಜಿನ ಸೊನ್ನೆ ನದಿಯ ತಳ ಅಲ್ಲ. ಕೇಂದ್ರ ಕಟ್ಟಿದವರು ಅನುಕೂಲ ನೋಡಿ ಎಲ್ಲೋ ಒಂದು ಕಡೆ ಸೊನ್ನೆ ಇಟ್ಟಿರುತ್ತಾರೆ, ಹತ್ತಿರದ ಗಟ್ಟಿ ಬಂಡೆಯ ಮೇಲೆ ಗುರುತು ಮಾಡಿ ಅದಕ್ಕೆ ಹೊಂದಿಸಿರುತ್ತಾರೆ. ಜೊತೆಗೆ ಕೆಳಗೆ ನದಿ ಅಗಲವಾಗಿರುತ್ತದೆ, ನೀರು ಹರಡಿಕೊಳ್ಳುತ್ತದೆ. ಹಾಗಾಗಿ ಎರಡು ಕೇಂದ್ರಗಳ ಮಟ್ಟವನ್ನು ಒಂದಕ್ಕೊಂದು ಹೋಲಿಸಿ ಪ್ರಯೋಜನ ಇಲ್ಲ. ಹೋಲಿಸುವುದಾದರೆ ಹರಿವನ್ನು ಹೋಲಿಸಿ. ಅದರಲ್ಲೂ ಹುಷಾರು. ಒಳ್ಳೆಯ ಕೇಂದ್ರದ ಅಂಕಿಯಲ್ಲೂ ಶೇಕಡ 5ರಿಂದ 10ರಷ್ಟು ಆಚೀಚೆ ಇರುವುದು ಮಾಮೂಲು. ಮೇಲೆ 20, ಕೆಳಗೆ 21 ಎಂದು ತೋರಿಸಿದರೆ ಹಳ್ಳಗಳಿಂದ ಒಂದು ಕ್ಯುಮೆಕ್ ಬಂತು ಎಂದು ಹೇಳಲು ಬರುವುದಿಲ್ಲ. ಎರಡೂ ಕಡೆಯ ತಪ್ಪು ಆ ಒಂದಕ್ಕಿಂತ ದೊಡ್ಡದು. ಜಲ್ಲಿ ತುಂಬಿದ ಅಗಲ ಕಣಿವೆಯಲ್ಲಿ ಒಂದಿಷ್ಟು ನೀರು ತಳದ ಒಳಗೇ ಇಳಿದು, ಮುಂದೆ ಎಲ್ಲೋ ಮೇಲೆ ಬರುವುದೂ ಉಂಟು.

ಎರಡು ಕೇಂದ್ರಗಳನ್ನು ಜೋಡಿಸಿ ನೋಡುವುದರ ನಿಜವಾದ ಲಾಭ ಸಮಯದಲ್ಲಿದೆ. ಮೇಲೆ ಏರಿದ ನೀರು ಕೆಳಗೆ ಯಾವಾಗ ಮುಟ್ಟುತ್ತದೆ? ನೆರೆಯ ಅಲೆ ನೀರಿಗಿಂತ ವೇಗವಾಗಿ ಓಡುತ್ತದೆ, ಸರಾಸರಿ ನೀರಿನ ವೇಗದ ಸುಮಾರು ಒಂದೂವರೆ ಪಟ್ಟು. ನೀರು ಸೆಕೆಂಡಿಗೆ 2 ಮೀಟರ್ ಹರಿಯುತ್ತಿದ್ದರೆ ಅಲೆ 3 ಮೀಟರ್ ಓಡುತ್ತದೆ. 18 ಕಿಲೋಮೀಟರಿಗೆ 6000 ಸೆಕೆಂಡ್, ಅಂದರೆ ಒಂದು ಗಂಟೆ 40 ನಿಮಿಷ. ಇದನ್ನು ನೀವೇ ಪರೀಕ್ಷಿಸಬಹುದು. ಎರಡೂ ಕೇಂದ್ರಗಳ ಗ್ರಾಫನ್ನು ಒಂದರ ಕೆಳಗೆ ಒಂದು ಇಟ್ಟು, ಒಂದು ಮಳೆಯ ಏರಿಕೆಯ ತುದಿಯಿಂದ ತುದಿಗೆ ಎಷ್ಟು ಹೊತ್ತು ಎಂದು ನೋಡಿ. ನಾಲ್ಕಾರು ಮಳೆಗಳನ್ನು ಹೀಗೆ ನೋಡಿದರೆ ನಿಮ್ಮ ನದಿಯ ಗುಣ ಗೊತ್ತಾಗುತ್ತದೆ. ನೀರು ಜಾಸ್ತಿ ಇದ್ದಷ್ಟೂ ಅಲೆ ಬೇಗ ಬರುತ್ತದೆ, ಅಂದರೆ ಎಚ್ಚರಿಕೆಗೆ ಸಿಗುವ ಸಮಯ ಬೇಕಾದಾಗಲೇ ಕಡಿಮೆ.

ನಿಮ್ಮ ನದಿಯ ಮೂಲದಲ್ಲಿ ಹಿಮ ಇದ್ದರೆ ಗ್ರಾಫಿನಲ್ಲಿ ದಿನಕ್ಕೊಂದು ಏರಿಳಿತ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗುತ್ತದೆ, ಹಿಮದ ಹತ್ತಿರದ ಕೇಂದ್ರದಲ್ಲಿ ಸಂಜೆ ಹೊತ್ತಿಗೆ ನೀರು ಏರುತ್ತದೆ. ತುಂಬಾ ಕೆಳಗೆ ಬಂದರೆ ಅದೇ ಏರಿಕೆ ಮಧ್ಯರಾತ್ರಿಗೋ ಬೆಳಗಿನ ಜಾವಕ್ಕೋ ಮುಟ್ಟುತ್ತದೆ. ನದಿ ದಾಟುವವರಿಗೆ ಬೆಳಿಗ್ಗೆ ದಾಟಿ ಎಂದು ಹೇಳುವುದು ಮೇಲ್ಗಡೆಯ ಮಟ್ಟಿಗೆ ಸರಿ. ಕೆಳಗಿನ ಕಣಿವೆಯಲ್ಲಿ ಅದನ್ನೇ ನಂಬಬೇಡಿ, ಗ್ರಾಫ್ ನೋಡಿ.

ಯಂತ್ರವೇ ಸುಳ್ಳು ಹೇಳುವ ಸಂದರ್ಭಗಳೂ ಇವೆ. ನೀರಿನ ಅಡಿಯಲ್ಲಿ ಕೂರಿಸುವ ಒತ್ತಡದ ಸೆನ್ಸರ್ ಅಗ್ಗ, ಸುಲಭ. ಆದರೆ ಹೂಳಿನಲ್ಲಿ ಮುಚ್ಚಿ ಹೋಗುತ್ತದೆ, ಬಂಡೆ ಬಡಿದು ಕಿತ್ತು ಹೋಗುತ್ತದೆ. ಅದು ನೀರಿನ ಒತ್ತಡದ ಜೊತೆ ಗಾಳಿಯ ಒತ್ತಡವನ್ನೂ ಸೇರಿಸಿ ಅಳೆಯುವ ಬಗೆಯದಾಗಿದ್ದರೆ ಗಾಳಿಯ ಒತ್ತಡವನ್ನು ಕಳೆಯಲೇಬೇಕು. ಒಂದು ಹೆಕ್ಟೋಪಾಸ್ಕಲ್ ಅಂದರೆ ಒಂದು ಸೆಂಟಿಮೀಟರ್ ನೀರು. ಕಳೆಯದೇ ಬಿಟ್ಟರೆ ಹವಾಮಾನ ಬದಲಾದಾಗಲೆಲ್ಲ ನದಿ 10, 20 ಸೆಂಟಿಮೀಟರ್ ಏರಿಳಿದ ಹಾಗೆ ಕಾಣುತ್ತದೆ. ಸೇತುವೆಯಿಂದ ಕೆಳಕ್ಕೆ ನೋಡುವ ರೇಡಾರ್ ಸೆನ್ಸರಿಗೆ ಬಂಡೆಯ ಕಾಟ ಇಲ್ಲ. ಬೆಟ್ಟದ ನದಿಗೆ ಯಾವುದು ಎಂದು ಕೇಳಿದರೆ ನನ್ನ ಮತ ಅದಕ್ಕೇ. ಆದರೆ ಅದರ ಕೆಳಗೆ ನೀರು ನೊರೆಗಟ್ಟಿ ಕುದಿಯುವಂತಿದ್ದರೆ ಅಂಕಿ ಕುಣಿಯುತ್ತದೆ, ಸ್ವಲ್ಪ ಶಾಂತವಾದ ಜಾಗ ಬೇಕು. ಯಾವ ಸೆನ್ಸರ್ ಇದ್ದರೂ ಪಕ್ಕದಲ್ಲಿ ಒಂದು ಸಾದಾ ಅಳತೆಪಟ್ಟಿ ಇರಲೇಬೇಕು. ಅನುಮಾನ ಬಂದಾಗ ಅದೇ ಸಾಕ್ಷಿ.

ಇನ್ನೊಂದು ಸಾಧನ ನನಗೆ ತುಂಬಾ ಇಷ್ಟ. ದಡದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಕಬ್ಬಿಣದ ಪೈಪು. ಕೆಳಗೆ ನೀರು ಒಳಬರಲು ಸಣ್ಣ ತೂತುಗಳು, ಒಳಗೆ ಒಂದು ಮರದ ಕೋಲು, ತಳದಲ್ಲಿ ಒಂದು ಹಿಡಿ ಕಾರ್ಕ್ ಪುಡಿ. ನೆರೆ ಬಂದಾಗ ಪುಡಿ ನೀರಿನ ಜೊತೆ ತೇಲಿ ಏರುತ್ತದೆ. ನೀರು ಇಳಿಯುವಾಗ ಅತಿ ಎತ್ತರದ ಜಾಗದಲ್ಲಿ ಕೋಲಿಗೆ ಅಂಟಿ ಒಂದು ಉಂಗುರ ಉಳಿಯುತ್ತದೆ. ಕೋಲು ಹೊರಗೆ ತೆಗೆದು ಟೇಪು ಹಿಡಿದರೆ ಆಯ್ತು. ಬ್ಯಾಟರಿ ಇಲ್ಲ, ಸಿಗ್ನಲ್ ಬೇಡ. ಅಂಕಿ ದಾಖಲಿಸುವ ದುಬಾರಿ ಲಾಗರ್ ನೆರೆಯಲ್ಲಿ ಕೊಚ್ಚಿ ಹೋದಾಗ ಎಷ್ಟೋ ಕಡೆ ಕೊನೆಗೆ ಉಳಿಯುವ ಅಂಕಿ ಇದೊಂದೇ.

ನೀವು ಕೇಳದ ಒಂದು ವಿಷಯವನ್ನೂ ಇಲ್ಲಿ ಹೇಳಿಬಿಡುತ್ತೇನೆ. ನೀರು ಏರುವುದನ್ನು ಎಲ್ಲರೂ ಗಮನಿಸುತ್ತಾರೆ. ಬೆಟ್ಟದ ನದಿಯಲ್ಲಿ ದಿಢೀರ್ ಇಳಿಯುವುದಕ್ಕೆ ಅದಕ್ಕಿಂತ ಜಾಸ್ತಿ ಹೆದರಬೇಕು. ಮಳೆ ಸುರಿಯುತ್ತಿದೆ, ಆದರೂ ನೀರು ಕೆಲವೇ ನಿಮಿಷದಲ್ಲಿ ಕುಸಿಯಿತು ಅಂದರೆ ಮೇಲೆ ಎಲ್ಲೋ ಗುಡ್ಡ ಜರಿದು ನದಿ ಕಟ್ಟಿಕೊಂಡಿರಬಹುದು. ನೇಪಾಳದಲ್ಲಿ 2014ರ ಆಗಸ್ಟ್ 2ರಂದು ಜುರೆ ಎಂಬಲ್ಲಿ ಗುಡ್ಡ ಕುಸಿದು ಸುನ್‌ಕೋಸಿ ನದಿಗೆ ಅಡ್ಡ ಬಿತ್ತು. ಹಿಂದೆ ದೊಡ್ಡ ಕೆರೆಯೇ ನಿಂತಿತು. ಅದು ಒಡೆದದ್ದು ಒಂದು ತಿಂಗಳ ಮೇಲೆ, ಸೆಪ್ಟೆಂಬರ್‌ನಲ್ಲಿ. ಎಲ್ಲ ಕಡೆ ಅಷ್ಟು ಕಾಲಾವಕಾಶ ಸಿಗುವುದಿಲ್ಲ, ಕೆಲವು ಕಟ್ಟೆಗಳು ಕೆಲವೇ ಗಂಟೆಗಳಲ್ಲಿ ಒಡೆಯುತ್ತವೆ. ಮಳೆಯೇ ಇಲ್ಲದೆ ನೆರೆ ಬರುವುದೂ ಇದೆ. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ರೋಂಟಿ ಶಿಖರದ ಬಂಡೆ ಮತ್ತು ಹಿಮ ಒಟ್ಟಿಗೆ ಕುಸಿದು ಋಷಿಗಂಗಾ, ಧೌಲಿಗಂಗಾ ಕಣಿವೆಗಳಲ್ಲಿ ನುಗ್ಗಿತು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಹಿಮಸರೋವರ ಒಡೆದು ತೀಸ್ತಾ ನದಿಯ ಚುಂಗ್‌ತಾಂಗ್ ಅಣೆಕಟ್ಟು ಕೊಚ್ಚಿಹೋಯಿತು. ಇಂಥ ಕಡೆ ಒಂದು ಗಂಟೆಗೊಮ್ಮೆ ಅಂಕಿ ಕಳಿಸುವ ಕೇಂದ್ರ ಸಾಲದು. ಐದು ನಿಮಿಷಕ್ಕೊಮ್ಮೆಯಾದರೂ ಬರಬೇಕು. ಮಟ್ಟ ಇಷ್ಟು ದಾಟಿದರೆ ಎಚ್ಚರಿಕೆ ಎಂಬ ಒಂದೇ ನಿಯಮವೂ ಸಾಲದು. ಇಷ್ಟು ಹೊತ್ತಿನಲ್ಲಿ ಇಷ್ಟು ಏರಿದರೆ, ಇಷ್ಟು ಇಳಿದರೆ, ಅಂಕಿ ಬರುವುದೇ ನಿಂತರೆ, ಮೂರಕ್ಕೂ ಎಚ್ಚರಿಕೆ ಇರಬೇಕು. ಮೂರನೆಯದನ್ನು ತುಂಬಾ ಜನ ಮರೆಯುತ್ತಾರೆ. ಕೇಂದ್ರ ಮೌನವಾದರೆ ನೆಟ್‌ವರ್ಕ್ ಹೋಗಿರಬಹುದು ಎಂದುಕೊಳ್ಳುತ್ತಾರೆ. ಕೇಂದ್ರವೇ ಹೋಗಿರಬಹುದು.

ಇನ್ನು ಹಳ್ಳವನ್ನು ನೀವೇ ಅಳೆಯುವುದು. ಖಂಡಿತ ಅಳೆಯಬಹುದು.

ಎಲ್ಲರಿಗೂ ಹೊಳೆಯುವುದು ತೇಲುವ ವಸ್ತು ಬಿಟ್ಟು ನೋಡುವ ವಿಧಾನ. 10 ಮೀಟರ್ ದೂರವನ್ನು 8 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ 1.25. ತಳದ ಹತ್ತಿರ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಿ ಸರಾಸರಿ ತೆಗೆಯುತ್ತಾರೆ. ಆಮೇಲೆ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಬೇಕು. ಕಲ್ಲುಗಳ ನಡುವೆ ಹರಿಯುವ ಹಳ್ಳದಲ್ಲಿ ಆ 0.85 ಜಾಸ್ತಿಯಾಯ್ತು, ವಿಸ್ತೀರ್ಣ ಅಳೆಯುವುದೂ ತಲೆನೋವು. ಏನೂ ಇಲ್ಲದಿದ್ದಾಗ ಸರಿ, ಅಷ್ಟೇ.

ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಇದ್ದರೆ ಹಳ್ಳವನ್ನು ಅಡ್ಡಕ್ಕೆ 20ಕ್ಕಿಂತ ಹೆಚ್ಚು ಪಟ್ಟಿಗಳಾಗಿ ಭಾಗಿಸಿ, ಪ್ರತಿ ಪಟ್ಟಿಯಲ್ಲೂ ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲಿನಲ್ಲಿ ವೇಗ ಅಳೆದು, ಆ ಪಟ್ಟಿಯ ವಿಸ್ತೀರ್ಣದಿಂದ ಗುಣಿಸಿ, ಎಲ್ಲವನ್ನೂ ಕೂಡಿಸುತ್ತಾರೆ. ನಯವಾದ ಪಾತ್ರಕ್ಕೆ ಇದು ಉತ್ತಮ. ಬಂಡೆಗಳ ಹಳ್ಳದಲ್ಲಿ ಪ್ರತಿ ಕಲ್ಲಿನ ಹಿಂದೆಯೂ ಸುಳಿ, ಲೆಕ್ಕ ತಪ್ಪುತ್ತದೆ. ನೀರಿಗೆ ಇಳಿಯುವ ಮುಂಚೆ ಆಳವನ್ನು (ಮೀಟರ್‌ನಲ್ಲಿ) ವೇಗದಿಂದ (ಸೆಕೆಂಡಿಗೆ ಮೀಟರ್) ಗುಣಿಸಿ. 1ರ ಹತ್ತಿರ ಬಂದರೆ ಇಳಿಯಲೇಬೇಡಿ. ಜಾರುವ ಬಂಡೆಗಳಿದ್ದರೆ ಅದರ ಅರ್ಧಕ್ಕೇ ನಿಲ್ಲಿಸಿ.

ಒರಟು ಹಳ್ಳಕ್ಕೆ ನಾನು ಹೇಳುವುದು ಉಪ್ಪಿನ ವಿಧಾನ. ತಮಾಷೆ ಅಲ್ಲ, ಪ್ರಪಂಚದ ಎಷ್ಟೋ ಬೆಟ್ಟ ಪ್ರದೇಶಗಳಲ್ಲಿ ಜಲತಜ್ಞರು ಇದನ್ನು ಬಳಸುತ್ತಾರೆ. ನೀರು ಎಷ್ಟು ಕಲಕಿದರೆ ಅಷ್ಟು ಒಳ್ಳೆಯದು, ಬೇರೆ ವಿಧಾನಗಳು ಸೋಲುವ ಜಾಗದಲ್ಲೇ ಇದು ಗೆಲ್ಲುತ್ತದೆ. ತೂಕ ಮಾಡಿದ ಉಪ್ಪನ್ನು ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ, ಒಂದೇ ಸಲಕ್ಕೆ ಹಳ್ಳದ ನಡುವೆ ಸುರಿಯಬೇಕು. ತಳದಲ್ಲಿ ಒಂದು ಹರಳು ಉಳಿದರೂ ಲೆಕ್ಕ ಹೋಯ್ತು. ಕೆಳಗೆ, ಹಳ್ಳದ ಅಗಲದ 25 ಪಟ್ಟು ದೂರದಲ್ಲಿ ವಾಹಕತೆ (ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎನ್ನುವುದು, ಉಪ್ಪು ಬೆರೆತರೆ ಏರುತ್ತದೆ) ಅಳೆಯುವ ಮೀಟರನ್ನು ನೀರಿನಲ್ಲಿ ಹಿಡಿದು, ಐದು ಸೆಕೆಂಡಿಗೊಮ್ಮೆ ಅಂಕಿ ಬರೆದುಕೊಳ್ಳಿ. ನಡುವೆ ನಿಂತ ಮಡು ಇರಬಾರದು, ಉಪನದಿ ಸೇರಬಾರದು. ಮೊದಲು ಏನೂ ಆಗುವುದಿಲ್ಲ. ಆಮೇಲೆ 60 ಇದ್ದದ್ದು 61, 65, 90, 140 ಎಂದು ಓಡುತ್ತದೆ, ತುದಿ ಮುಟ್ಟಿ ನಿಧಾನಕ್ಕೆ ಇಳಿಯುತ್ತದೆ. ಪೂರ್ತಿ 60ಕ್ಕೆ ವಾಪಸ್ ಬರುವ ತನಕ ಕಾಯಬೇಕು. ಆ ಬಾಲದಲ್ಲೂ ಉಪ್ಪಿದೆ, ಬೇಗ ನಿಲ್ಲಿಸಿದರೆ ಹರಿವು ಇರುವುದಕ್ಕಿಂತ ಜಾಸ್ತಿ ಎಂದು ಬರುತ್ತದೆ.

ಲೆಕ್ಕ ಹೀಗೆ. 3 ಕಿಲೋ ಉಪ್ಪು ಹಾಕಿದಿರಿ. ಉಪ್ಪಿನ ಮೋಡ ದಾಟಲು 400 ಸೆಕೆಂಡ್ ಹಿಡಿಯಿತು, ಅಷ್ಟು ಹೊತ್ತೂ ವಾಹಕತೆ ಸರಾಸರಿ 25 ಮೈಕ್ರೋಸೀಮೆನ್ಸ್ ಜಾಸ್ತಿ ಇತ್ತು. ಒಂದು ಮೈಕ್ರೋಸೀಮೆನ್ಸಿಗೆ ಲೀಟರಿಗೆ ಸುಮಾರು 0.5 ಮಿಲಿಗ್ರಾಂ ಉಪ್ಪು. ಅಂದರೆ ಸರಾಸರಿ 12.5 ಮಿಲಿಗ್ರಾಂ. ಅದನ್ನು 400ರಿಂದ ಗುಣಿಸಿದರೆ 5000. ಹಾಕಿದ 30 ಲಕ್ಷ ಮಿಲಿಗ್ರಾಂ ಉಪ್ಪನ್ನು ಇದರಿಂದ ಭಾಗಿಸಿ: ಸೆಕೆಂಡಿಗೆ 600 ಲೀಟರ್, 0.6 ಕ್ಯುಮೆಕ್. ಆ 0.5 ಎಂಬುದು ನೀರಿಗೆ ನೀರು ಸ್ವಲ್ಪ ಬದಲಾಗುತ್ತದೆ. ಅದೇ ಹಳ್ಳದ ಒಂದು ಲೀಟರ್ ನೀರಿಗೆ ಅಳೆದ ಉಪ್ಪನ್ನು ಸ್ವಲ್ಪ ಸ್ವಲ್ಪ ಬೆರೆಸಿ ನಿಮ್ಮ ಮೀಟರನ್ನು ಅಲ್ಲೇ ಹೊಂದಿಸಿಕೊಳ್ಳಿ. ಒಂದು ಕ್ಯುಮೆಕ್‌ಗೆ ಐದು ಕಿಲೋ ಉಪ್ಪು ಧಾರಾಳ ಸಾಕು. ಮೋಡ ಕೆಲವೇ ನಿಮಿಷ ಇರುವುದರಿಂದ ಈ ಪ್ರಮಾಣಕ್ಕೆ ಜಲಚರಗಳಿಗೆ ತೊಂದರೆ ಇಲ್ಲ. ತುಂಬಾ ಸಣ್ಣ ತೊರೆಯಾದರೆ ಉಪ್ಪನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿ.

ಅಳೆಯುವ ಮುಂಚೆ ಹಳ್ಳದಲ್ಲಿ ಒಂದು ಅಳತೆಪಟ್ಟಿ ಕೂರಿಸಿ. ಎಲ್ಲಿ ಕೂರಿಸಬೇಕು ಎನ್ನುವುದರಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಜಲ್ಲಿ ದಿಬ್ಬದ ಹಿಂದಿನ ಮಡು ನೋಡಲು ಚೆನ್ನಾಗಿರುತ್ತದೆ, ಆದರೆ ಮುಂದಿನ ನೆರೆಗೆ ಆ ದಿಬ್ಬ ಇರುವುದಿಲ್ಲ. ಗಟ್ಟಿ ತಳಬಂಡೆ ಅಡ್ಡ ಬಂದಿರುವ ಜಾಗ ಹುಡುಕಿ, ಅದಕ್ಕಾಗಿ ಒಂದಿಷ್ಟು ದೂರ ನಡೆಯಬೇಕಾದರೂ ಸರಿ. ಪಟ್ಟಿಯ ಸೊನ್ನೆಯನ್ನು ನೆರೆ ಮುಟ್ಟದ ಬಂಡೆಯ ಮೇಲಿನ ಗುರುತಿಗೆ ಹೊಂದಿಸಿ, ಪಟ್ಟಿ ಬಾಗಿದರೂ ಕಳೆದರೂ ಮತ್ತೆ ಅದೇ ಎತ್ತರಕ್ಕೆ ಕೂರಿಸಬಹುದು. ಬೇರೆ ಬೇರೆ ಮಟ್ಟಗಳಲ್ಲಿ ಎಂಟು ಹತ್ತು ಅಳತೆ ಸಿಕ್ಕರೆ ನಿಮ್ಮದೇ ಕರ್ವ್ ಎಳೆಯಬಹುದು. ಮೊದಲನೆಯದನ್ನು ನೀರು ಅತಿ ಕಡಿಮೆ ಇರುವಾಗಲೇ ಮಾಡಿ. ಆ ದಿನ ಹೊಸ್ತಿಲಿನ ಅತಿ ತಗ್ಗಿನ ಜಾಗದ ಎತ್ತರವನ್ನು ಪಟ್ಟಿಗೆ ಹೋಲಿಸಿ ಬರೆದುಕೊಂಡು, ಹೊಸ್ತಿಲಿನ ಒಂದು ಫೋಟೋ ತೆಗೆದಿಡಿ. ನೆರೆ ಇಳಿದ ಮೇಲೆ ಅದೇ ಜಾಗದಿಂದ ಇನ್ನೊಂದು ಫೋಟೋ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಲ್ಲು ಕದಲಿದ್ದರೆ ಹಳೆಯ ಕರ್ವ್ ಬಿಟ್ಟು ಮತ್ತೆ ಉಪ್ಪು ತೂಗಿ.